ಯಾವ ಕಾಲದ ಬಾಕ್ಸಿಂಗ್ ಜೋಡಿ ದೊಡ್ಡದು? ಉತ್ತರ ಸ್ಟೂಲ್ ಹತ್ತಿರ ಇದೆ

ಪ್ರಶ್ನೆ: ಸರ್, ನಾವು ಡೊಂಬಿವಲಿಯವರು. ಮನೆಯಲ್ಲಿ ಬಾಕ್ಸಿಂಗ್ ವಿಷಯಕ್ಕೆ ದಿನಾ ಜಗಳ. ಮಾವನಿಗೆ ಮುಹಮ್ಮದ್ ಅಲಿ–ಜೋ ಫ್ರೇಜರ್ ಬಿಟ್ಟರೆ ಬೇರೆ ಬಾಕ್ಸಿಂಗೇ ಇಲ್ಲ. ಫೋರ್ಟ್‌ನ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಾ ರಾತ್ರಿ ಶಾಲೆಯಲ್ಲಿ ಓದಿದವರು ಅವರು, 1971ರ ಪಂದ್ಯವನ್ನು ನಿನ್ನೆ ನೋಡಿದ ಹಾಗೆ ಹೇಳುತ್ತಾರೆ. ಭಾವ ಪ್ಯಾಕಿಯಾವ್–ಮಾರ್ಕೆಸ್ ಪಕ್ಷ. ನಾನು ನೋಡಲು ಶುರು ಮಾಡಿದ್ದೇ ಫ್ಯೂರಿ–ವೈಲ್ಡರ್‌ನಿಂದ. ಠಾಣೆಯಲ್ಲಿ ಬಾಕ್ಸಿಂಗ್ ಕಲಿಯುತ್ತಿರುವ ಮಗಳು 'ನೀವೆಲ್ಲ ಬರೀ ಗಂಡಸರದ್ದೇ ಹೇಳ್ತೀರಿ' ಅಂತ ಮುಖ ಊದಿಸಿಕೊಂಡಿದ್ದಾಳೆ. ಬೇರೆ ಬೇರೆ ಕಾಲದ ಜೋಡಿಗಳನ್ನು ಹೋಲಿಸುವುದು ಸಾಧ್ಯವಾ? ಸಾಧ್ಯ ಅಂದರೆ ಯಾವುದು ದೊಡ್ಡದು?

ಉತ್ತರ: ಸಾಧ್ಯ. ಆದರೆ ನಿಮ್ಮ ಮನೆಯಲ್ಲಿ ಹೋಲಿಸುತ್ತಿರುವ ರೀತಿಯಲ್ಲಿ ಹೋದರೆ ಇನ್ನೂ ಹತ್ತು ವರ್ಷ ಜಗಳ ಮುಗಿಯುವುದಿಲ್ಲ. ಅಲಿ ಬಲಶಾಲಿಯೋ ಫ್ಯೂರಿ ಬಲಶಾಲಿಯೋ, ಆಗಿನವರು ಗಟ್ಟಿಯೋ ಈಗಿನವರು ಗಟ್ಟಿಯೋ ಅನ್ನುವುದಕ್ಕೆ ಉತ್ತರವೇ ಇಲ್ಲ, ಯಾಕೆಂದರೆ ಇಬ್ಬರನ್ನೂ ಒಂದೇ ರಿಂಗಿಗೆ ಇಳಿಸಲು ಆಗುವುದಿಲ್ಲ. ಜೋಡಿಯನ್ನು ಅಳೆಯುವುದು ಬೇರೆ ಕೆಲಸ. ಅಲ್ಲಿ ಕೇಳಬೇಕಾದ್ದು ಒಂದೇ: ಮೊದಲ ಪಂದ್ಯದಲ್ಲಿ ಒಬ್ಬ ಇನ್ನೊಬ್ಬನಿಗೆ ಏನು ಕಷ್ಟ ಕೊಟ್ಟ, ಎರಡನೇ ಪಂದ್ಯಕ್ಕೆ ಬರುವಾಗ ಆ ಇನ್ನೊಬ್ಬ ಅದಕ್ಕೆ ಏನು ಉತ್ತರ ಹುಡುಕಿಕೊಂಡು ಬಂದ, ಆ ಉತ್ತರಕ್ಕೆ ಮೂರನೇ ಪಂದ್ಯದಲ್ಲಿ ಮೊದಲಿನವ ಏನು ಹೇಳಿದ. ಮುಂಬಯಿಯಲ್ಲಿರುವ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ತಾಳಮದ್ದಳೆಯಲ್ಲಿ ಒಬ್ಬ ಅರ್ಥಧಾರಿ ಎಷ್ಟು ಚೆನ್ನಾಗಿ ಮಾತಾಡಿದ ಅನ್ನುವುದಕ್ಕಿಂತ ಎದುರಿನವನ ಮಾತನ್ನು ಹಿಡಿದು ಏನು ತಿರುಗಿಸಿ ಕೊಟ್ಟ ಅನ್ನುವುದಕ್ಕೇ ಅಲ್ವಾ ಜನ ರಾತ್ರಿಯಿಡೀ ಕೂರುವುದು?

ಹಾಗಾಗಿ ಒಂದೇ ಪಂದ್ಯ ಆಡಿದವರು ನನ್ನ ಲೆಕ್ಕದಲ್ಲಿ ಜೋಡಿಯೇ ಅಲ್ಲ. 2015ರ ಮೇವೆದರ್–ಪ್ಯಾಕಿಯಾವ್‌ಗೆ ಜಗತ್ತೆಲ್ಲ ಬಾಯಿ ಬಿಟ್ಟುಕೊಂಡು ಕಾಯಿತು, ದುಡ್ಡು ಬೇಕಾದಷ್ಟು ಬಂತು, ಆದರೆ ಅದು ಒಂದು ರಾತ್ರಿಯ ವ್ಯಾಪಾರ. 1985ರ ಹ್ಯಾಗ್ಲರ್–ಹರ್ನ್ಸ್ ಮೂರೇ ರೌಂಡಿನ ಬೆಂಕಿ. ಅದರ ಮೊದಲ ರೌಂಡನ್ನು ನಾನು ಎಷ್ಟು ಸಲ ಬೇಕಾದರೂ ನೋಡುತ್ತೇನೆ. ಆದರೂ ಅದು ಒಂದು ದೊಡ್ಡ ಪಂದ್ಯ, ಅಷ್ಟೇ.

ಇನ್ನು ಕಾಲ ಬೇರೆಯಾದರೆ ಏನೇನು ಬದಲಾಗುತ್ತದೆ ಅನ್ನುವುದನ್ನು ಮೊದಲು ತೆಗೆದು ಬದಿಗಿಡೋಣ, ಇಲ್ಲದಿದ್ದರೆ ಅದೇ ಅಡ್ಡ ಬರುತ್ತದೆ.

ಶುಗರ್ ರೇ ರಾಬಿನ್ಸನ್ ಮತ್ತು ಜೇಕ್ ಲಮೊಟ್ಟ 1942ರಿಂದ 1951ರವರೆಗೆ ಆರು ಸಲ ಆಡಿದರು. ರಾಬಿನ್ಸನ್ ಐದು ಗೆದ್ದ, ಲಮೊಟ್ಟ ಒಂದು. ಆ ಒಂದು 1943ರ ಫೆಬ್ರುವರಿ 5ರದ್ದು, ಡೆಟ್ರಾಯಿಟ್‌ನಲ್ಲಿ. ರಾಬಿನ್ಸನ್ ಜೀವನದ ಮೊದಲ ಸೋಲು ಅದು, ಲಮೊಟ್ಟ ಅವನಿಗಿಂತ ಸುಮಾರು 16 ಪೌಂಡ್ ಜಾಸ್ತಿ ಇದ್ದ. ಈಗ ಹೆವಿವೇಟ್ ಬಿಟ್ಟರೆ ಅಷ್ಟು ತೂಕದ ಅಂತರದಲ್ಲಿ ಆಡಲು ಯಾರೂ ಬಿಡುವುದಿಲ್ಲ. ಅದೇ ತಿಂಗಳ 26ಕ್ಕೆ ಅದೇ ಊರಲ್ಲಿ ಇಬ್ಬರೂ ಮತ್ತೆ ಎದುರಾದರು, ರಾಬಿನ್ಸನ್ ಗೆದ್ದ. ನಡುವೆ ಸಿಕ್ಕಿದ್ದು ಮೂರು ವಾರ, ಅದರಲ್ಲೂ ರಾಬಿನ್ಸನ್ ಇನ್ನೊಬ್ಬನ ಜೊತೆ ಒಂದು ಪಂದ್ಯ ಆಡಿ ಮುಗಿಸಿದ್ದ! ಇಂಥ ಕಡೆ 'ಹೊಸ ಉತ್ತರ ಹುಡುಕುವುದು' ಎಲ್ಲಿಂದ ಬರಬೇಕು? ಸೋತ ಮೈಯ ನೋವು ಆರುವ ಮೊದಲೇ ಮತ್ತೆ ರಿಂಗು. ಆಗಿನವರು ಪಂದ್ಯ ಆಡುತ್ತಾ ಆಡುತ್ತಾ ಕಲಿತರು. ಈಗಿನವರು ಪಂದ್ಯಗಳ ನಡುವಿನ ಬಿಡುವಿನಲ್ಲಿ ಕಲಿಯುತ್ತಾರೆ. ಈಗ ಆ ಬಿಡುವು ವಿಪರೀತ ಆಗಿದೆ ಅನ್ನುವುದು ಇನ್ನೊಂದು ಕಥೆ: ಕನೆಲೊ–ಗೊಲೊವ್ಕಿನ್ ಎರಡನೇ ಪಂದ್ಯ 2018ರಲ್ಲಿ, ಮೂರನೆಯದು 2022ರಲ್ಲಿ, ಅಷ್ಟರಲ್ಲಿ ಗೊಲೊವ್ಕಿನ್‌ಗೆ 40 ವರ್ಷ. ಉತ್ತರ ಕೊಡಬೇಕಾದವನಿಗೆ ವಯಸ್ಸಾಗಿ ಹೋಗಿತ್ತು.

ರೌಂಡುಗಳ ಲೆಕ್ಕ ಇನ್ನೂ ಮುಖ್ಯ. 1982ರ ನವೆಂಬರ್‌ನಲ್ಲಿ ಲಾಸ್ ವೆಗಾಸ್‌ನಲ್ಲಿ ರೇ ಮ್ಯಾನ್ಸಿನಿ ಜೊತೆ ಆಡಿದ ಕೊರಿಯಾದ ಕಿಮ್ ಡುಕ್-ಕೂ 14ನೇ ರೌಂಡಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಅದಾದ ಮೇಲೆ ವಿಶ್ವ ಚಾಂಪಿಯನ್ ಪಟ್ಟ ಕೊಡುವ ಸಂಸ್ಥೆಗಳಲ್ಲಿ ಒಂದಾದ ಡಬ್ಲ್ಯುಬಿಸಿ ಚಾಂಪಿಯನ್‌ಶಿಪ್ ಪಂದ್ಯಗಳನ್ನು 15ರಿಂದ 12 ರೌಂಡಿಗೆ ಇಳಿಸಿತು, ಉಳಿದ ಸಂಸ್ಥೆಗಳೂ ಆ ದಶಕ ಮುಗಿಯುವ ಮೊದಲೇ ಅದೇ ದಾರಿ ಹಿಡಿದವು. ಒಳ್ಳೆಯದೇ ಆಯಿತು. ಆದರೆ ಈ ಮೂರು ರೌಂಡು ತೆಗೆದುಬಿಟ್ಟರೆ ಹಳೇ ಜೋಡಿಗಳ ಕಥೆಯೇ ಬೇರೆ ಆಗುತ್ತದೆ. 1971ರಲ್ಲಿ ಫ್ರೇಜರ್ ಅಲಿಯನ್ನು ಬೀಳಿಸಿದ್ದು 15ನೇ ರೌಂಡಿನಲ್ಲಿ. 1981ರ ಲೆನಾರ್ಡ್–ಹರ್ನ್ಸ್‌ನಲ್ಲಿ 12 ರೌಂಡಿಗೇ ಗಂಟೆ ಹೊಡೆದಿದ್ದರೆ ಹರ್ನ್ಸ್ ಗೆದ್ದು ಮನೆಗೆ ಹೋಗುತ್ತಿದ್ದ, ಮೂರೂ ಜಡ್ಜ್‌ಗಳ ಕಾರ್ಡಿನಲ್ಲಿ ಅವನೇ ಮುಂದಿದ್ದ. ಲೆನಾರ್ಡ್ ಅವನನ್ನು ಮುಗಿಸಿದ್ದು 14ರಲ್ಲಿ. ಹಾಗಾಗಿ 'ಈಗಿನವರಿಗೆ ಆ ದಮ್ ಇಲ್ಲ' ಅಂತ ಮಾವ ಹೇಳಿದರೆ, ಈಗಿನವರಿಗೆ ಆ ಮೂರು ರೌಂಡೇ ಇಲ್ಲ ಮಾವ ಅಂತ ಹೇಳಿ.

ಮಾವನ ಬಗ್ಗೆ ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬಾರದು. ಬೊಂಬಾಯಿಯಲ್ಲಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ಕ್ಕೆ. 1971ರ ಮಾರ್ಚ್ 8ರ ಪಂದ್ಯವನ್ನು ಇಲ್ಲಿ ಮನೆಯಲ್ಲಿ ಕೂತು ನೋಡಲು ದಾರಿಯೇ ಇರಲಿಲ್ಲ. ಅವರು ಪೇಪರಿನಲ್ಲಿ ಓದಿರುತ್ತಾರೆ, ಫೋಟೊ ನೋಡಿರುತ್ತಾರೆ, ಕ್ಯಾಂಟೀನಿನಲ್ಲಿ ಕೇಳಿರುತ್ತಾರೆ, ಆಮೇಲೆ ಯಾವಾಗಲೋ ಫಿಲ್ಮ್ ನೋಡಿರುತ್ತಾರೆ. ಎಲ್ಲ ಸೇರಿ ಕಣ್ಣಾರೆ ನೋಡಿದ ಹಾಗೆ ಆಗಿಬಿಟ್ಟಿದೆ. ಹಳೆಯ ಪಂದ್ಯಗಳು ದೊಡ್ಡದಾಗಿ ಕಾಣುವುದಕ್ಕೆ ಅರ್ಧ ಕಾರಣ ಇದೇ, ನೀರಸ ರೌಂಡುಗಳ ಫೋಟೊ ಪೇಪರಿನಲ್ಲಿ ಬರುವುದಿಲ್ಲ. ನಾವೀಗ ಭಾನುವಾರ ಬೆಳಗ್ಗೆ ಎದ್ದು, ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇದ್ದರೂ ಪರವಾಗಿಲ್ಲ ಎಲ್ಲಿಗೂ ಹೋಗುವುದಿಲ್ಲ ಅಂತ ಕೂತು, ಅಮೆರಿಕದ ಶನಿವಾರ ರಾತ್ರಿಯ ಪಂದ್ಯವನ್ನು ಪೂರ್ತಿ ನೋಡುತ್ತೇವೆ, ಅದರ ಬೇಸರವನ್ನೂ ಸೇರಿಸಿ.

ಸರಿ, ಈಗ ಅಸಲು ವಿಷಯ. ಕಾಲ ಯಾವುದಾದರೂ ಬದಲಾಗದ ಒಂದು ಜಾಗ ರಿಂಗಿನಲ್ಲಿ ಇದೆ. ರೌಂಡು ಮುಗಿದ ಮೇಲೆ ಸ್ಟೂಲ್ ಇಡುವ ಮೂಲೆ. 1938ರಲ್ಲೂ ಒಂದು ನಿಮಿಷ, ಈಗಲೂ ಒಂದೇ ನಿಮಿಷ. ನಾನು ಹುಡುಗರ ಕಾರ್ನರ್‌ನಲ್ಲಿ ನಿಲ್ಲುವವನು, ಆ ನಿಮಿಷದಲ್ಲಿ ಎಷ್ಟು ಕೆಲಸ ಅಂತ ಗೊತ್ತು. ಸ್ಟೂಲ್ ಒಳಗೆ ತಳ್ಳಬೇಕು, ಬಾಯಿಂದ ಗಾರ್ಡ್ ತೆಗೆದು ತೊಳೆಯಬೇಕು, ನೀರು ಕೊಟ್ಟು ಉಗುಳಿಸಬೇಕು, ಊದಿದ ಜಾಗಕ್ಕೆ ತಣ್ಣಗಿನ ಕಬ್ಬಿಣ ಒತ್ತಬೇಕು, ಹುಬ್ಬಿಗೆ ವ್ಯಾಸಲಿನ್ ಸವರಬೇಕು. ಹುಡುಗ ಉಸಿರು ಎಳೆದುಕೊಳ್ಳುವವರೆಗೆ ಹೇಳಿದ್ದೇನೂ ಕಿವಿಗೆ ಹೋಗುವುದಿಲ್ಲ. ಕೊನೆಗೆ ಉಳಿಯುವುದು ಎರಡು ಮಾತಿಗೆ ಆಗುವಷ್ಟು ಹೊತ್ತು. ಮೂರನೇ ಮಾತು ಹೇಳಿದರೆ ಮೊದಲಿನದು ಮರೆತುಹೋಗುತ್ತದೆ. ಆ ಎರಡು ಮಾತು ಯಾವುದು ಅನ್ನುವುದರಲ್ಲಿ ಇಡೀ ಜೋಡಿಯ ಕಥೆ ಇರುತ್ತದೆ.

ಮಜಾ ಏನೆಂದರೆ, ನೀವು ಮೂರು ಜನ ಹೇಳಿದ ಮೂರು ಜೋಡಿಗಳನ್ನೂ ಸ್ಟೂಲ್ ಹಿಂದೆ ನಿಂತ ಒಬ್ಬ ಮನುಷ್ಯನ ಹೆಸರು ಕಟ್ಟಿಹಾಕುತ್ತದೆ. ಎಡ್ಡಿ ಫಚ್.

ಫಚ್ ಹುಟ್ಟಿದ್ದು 1911ರಲ್ಲಿ. ಡೆಟ್ರಾಯಿಟ್‌ನಲ್ಲಿ ಬೆಳೆದ, ಲೈಟ್‌ವೇಟ್ ಹುಡುಗ. ಹೃದಯದ ತೊಂದರೆಯಿಂದ ತಾನು ಪ್ರೊಫೆಷನಲ್ ಆಗಲಿಲ್ಲ. ಆದರೆ 1930ರ ದಶಕದಲ್ಲಿ ಅದೇ ಊರಿನ ಜೋ ಲೂಯಿಸ್ ಜೊತೆ ಸ್ಪಾರಿಂಗ್ (ಅಭ್ಯಾಸದ ಹೊಡೆದಾಟ) ಮಾಡಿದವ. ಆ ಲೂಯಿಸ್‌ನನ್ನು 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ 12ನೇ ರೌಂಡಿನಲ್ಲಿ ನಾಕೌಟ್ ಮಾಡಿದ. ಹೇಗೆ? ಲೂಯಿಸ್ ಜ್ಯಾಬ್ (ಮುಂದಿನ ಕೈಯ ನೇರ ಚುಚ್ಚು ಹೊಡೆತ) ಹೊಡೆದ ಮೇಲೆ ಎಡಗೈಯನ್ನು ಮುಖದ ಮಟ್ಟಕ್ಕೆ ತರದೆ ಕೆಳಗಿಂದ ಎಳೆದುಕೊಳ್ಳುತ್ತಿದ್ದ. ಶ್ಮೆಲಿಂಗ್ ಅದನ್ನು ಮೊದಲೇ ನೋಡಿಟ್ಟುಕೊಂಡಿದ್ದ, ಕೈ ಇಳಿದ ಕ್ಷಣ ಆ ಸಂದಿಯಲ್ಲಿ ಬಲಗೈ ತೂರಿಸಿದ. ಎರಡು ವರ್ಷದ ನಂತರ, 1938ರ ಜೂನ್ 22ಕ್ಕೆ, ನ್ಯೂಯಾರ್ಕ್‌ನ ಯಾಂಕಿ ಸ್ಟೇಡಿಯಂನಲ್ಲಿ ಲೂಯಿಸ್ ಉತ್ತರ ಕೊಟ್ಟ: ಶ್ಮೆಲಿಂಗ್‌ಗೆ ನೋಡಿ ಲೆಕ್ಕ ಹಾಕಲು ಹೊತ್ತೇ ಕೊಡಲಿಲ್ಲ. 124 ಸೆಕೆಂಡಿನಲ್ಲಿ ಪಂದ್ಯ ಮುಗಿಯಿತು. ಹಿಟ್ಲರನ ಜರ್ಮನಿ ಒಂದು ಕಡೆ, ಅಮೆರಿಕ ಇನ್ನೊಂದು ಕಡೆ ಅಂತ ಜಗತ್ತು ನೋಡಿದ್ದು ನಿಜ. ಶ್ಮೆಲಿಂಗ್ ನಾಜಿ ಪಕ್ಷದವನಲ್ಲ, ಅವನ ಮ್ಯಾನೇಜರ್ ಯಹೂದಿ, ಯುದ್ಧ ಕಳೆದ ಮೇಲೆ ಇಬ್ಬರೂ ಒಳ್ಳೆಯ ಗೆಳೆಯರಾದರು. ಆದರೆ ರಾಜಕೀಯ ಎಲ್ಲ ತೆಗೆದರೂ ಅಲ್ಲಿ ಒಂದು ಪ್ರಶ್ನೆ, ಒಂದು ಉತ್ತರ ಉಳಿಯುತ್ತದೆ. ಚಿಕ್ಕದು, ಶುದ್ಧವಾದದ್ದು.

ಈಗ ಮಾವನ ಜೋಡಿಗೆ ಬರೋಣ. 1971ರಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಬಂದಾಗ ಅಲಿ 31 ಪಂದ್ಯ ಆಡಿ ಒಂದೂ ಸೋತಿರಲಿಲ್ಲ, ಫ್ರೇಜರ್ 26 ಆಡಿ ಒಂದೂ ಸೋತಿರಲಿಲ್ಲ. ಒಬ್ಬೊಬ್ಬರಿಗೆ 25 ಲಕ್ಷ ಡಾಲರ್. ಫ್ರೇಜರ್‌ನ ಮುಖ್ಯ ಕೋಚ್ ಯಾಂಕ್ ಡರ್‌ಹಮ್, ಅವನ ಜೊತೆಗಾರ ಫಚ್. ಫಚ್ ಅಲಿಯಲ್ಲಿ ಒಂದು ತಪ್ಪು ಕಂಡುಹಿಡಿದಿದ್ದ. ಬಲಗೈಯ ಅಪ್ಪರ್‌ಕಟ್ (ಕೆಳಗಿಂದ ಮೇಲಕ್ಕೆ ಎತ್ತುವ ಹೊಡೆತ) ಹೊಡೆಯಲು ಹೋದಾಗ ಅಲಿ ಆ ಕೈಯನ್ನು ಪೂರ್ತಿ ಕೆಳಗೆ ಬಿಡುತ್ತಿದ್ದ, ಆ ಹೊತ್ತಿಗೆ ಬಲ ದವಡೆ ಬಾಗಿಲು ತೆರೆದಿಟ್ಟ ಹಾಗೆ. ಆ ಭುಜ ಇಳಿದದ್ದು ಕಂಡ ತಕ್ಷಣ ಎಡಗೈ ಹುಕ್ (ಕೈ ಬಾಗಿಸಿ ಬದಿಯಿಂದ ಬೀಸುವ ಹೊಡೆತ) ಹಾಕು, ಇಷ್ಟೇ ಪಾಠ. ಫ್ರೇಜರ್‌ನ ಎಡಗೈ ಚಿಕ್ಕಂದಿನಲ್ಲಿ ಪೆಟ್ಟಾಗಿ ಸರಿಯಾಗಿ ನೆಟ್ಟಗಾಗುತ್ತಿರಲಿಲ್ಲ, ಸ್ವಲ್ಪ ಬಾಗಿಯೇ ಇರುತ್ತಿತ್ತು, ಹುಕ್‌ಗಾಗಿಯೇ ಮಾಡಿದ ಕೈ ಅದು.

ಇದನ್ನು ಹುಡುಗರ ಹೊಡೆತಕ್ಕೆ ಪ್ಯಾಡ್ ಹಿಡಿಯುವ ಕೋಚ್‌ಗಳು ದಿನಾ ನೋಡುತ್ತಾರೆ. ಹುಡುಗ ಅಪ್ಪರ್‌ಕಟ್‌ಗೆ ಹೋಗುವ ಮೊದಲು ಅವನ ಬಲ ಮೊಣಕಾಲು ಒಂಚೂರು ಮಡಚುತ್ತದೆ, ಭುಜ ಇಳಿಯುತ್ತದೆ, ಗ್ಲೌಸ್ ಕೆನ್ನೆ ಬಿಟ್ಟು ಹೊಟ್ಟೆಯ ಹತ್ತಿರ ಬರುತ್ತದೆ. ನಾನು ಪ್ಯಾಡಿನಿಂದ ಮೆಲ್ಲಗೆ ಅವನ ಬಲಗೆನ್ನೆಗೆ ತಟ್ಟುತ್ತೇನೆ. ನಾಲ್ಕು ಸಲ ತಟ್ಟಿದರೂ ಐದನೇ ಸಲ ಕೈ ಮತ್ತೆ ಇಳಿಯುತ್ತದೆ. ಅಭ್ಯಾಸ ಅಂದರೆ ಹಾಗೆ, ಅಲಿಯಂಥವನಿಗೂ ಬಿಡಲಿಲ್ಲ. 15ನೇ ರೌಂಡಿನ ಆ ಹುಕ್ ನೋಡುವಾಗ ಫ್ರೇಜರ್‌ನ ಕೈ ನೋಡಬೇಡಿ, ಅದಕ್ಕಿಂತ ಅರ್ಧ ಕ್ಷಣ ಮೊದಲು ಅಲಿಯ ಬಲಗೈ ಎಲ್ಲಿದೆ ನೋಡಿ. ಅಲಿ ಬಿದ್ದ, ಕೂಡಲೇ ಎದ್ದೂ ಬಿಟ್ಟ, ಅದೇ ಆಶ್ಚರ್ಯ. ಪಂದ್ಯ ಮಾತ್ರ ಫ್ರೇಜರ್‌ಗೆ.

1974ರ ಜನವರಿಯ ಎರಡನೇ ಪಂದ್ಯದಲ್ಲಿ ಅಲಿಯ ಉತ್ತರ ಏನು? ಹತ್ತಿರ ಬಂದರೆ ಕುತ್ತಿಗೆ ಹಿಡಿದು ಎಳೆಯುವುದು. ಫ್ರೇಜರ್‌ನ ಹುಕ್‌ಗೆ ಜಾಗವೇ ಸಿಗದ ಹಾಗೆ ಅಪ್ಪಿಕೊಳ್ಳುವುದು. ರೆಫ್ರಿ ಸುಮ್ನೆ ಇದ್ದ, 12 ರೌಂಡು ಮುಗಿದಾಗ ಅಲಿ ಗೆದ್ದ. ಬುದ್ಧಿವಂತಿಕೆ ಹೌದು, ನೋಡಲು ಚೆಂದ ಅಲ್ಲ. ಈ ಪಂದ್ಯದ ಹೆಸರನ್ನೇ ಯಾರೂ ಎತ್ತುವುದಿಲ್ಲ, ಮಾವನನ್ನೂ ಕೇಳಿ ನೋಡಿ.

ಮೂರನೆಯದು ಮನಿಲಾದ್ದು, 1975ರ ಅಕ್ಟೋಬರ್ 1. ಅಮೆರಿಕದ ಟಿವಿ ಹೊತ್ತಿಗೆ ಹೊಂದಬೇಕು ಅಂತ ಅಲ್ಲಿ ಬೆಳಗ್ಗೆಯೇ ಪಂದ್ಯ, ಹಾಲ್ ಒಳಗೆ ಬೇಯುವ ಸೆಕೆ. ಮೊದಲು ಅಲಿ ಮೇಲುಗೈ, ನಡುವೆ ಫ್ರೇಜರ್, 12ನೇ ರೌಂಡಿನಿಂದ ಮತ್ತೆ ಅಲಿ. ಫ್ರೇಜರ್‌ಗೆ ಎಡಗಣ್ಣಿನಲ್ಲಿ ಮೊದಲೇ ದೃಷ್ಟಿ ಕಮ್ಮಿ, ಈಗ ಬಲಗಣ್ಣೂ ಊದಿ ಮುಚ್ಚಿಹೋಯಿತು. ಬರುವ ಬಲಗೈ ಹೊಡೆತವೇ ಕಾಣುತ್ತಿರಲಿಲ್ಲ. 14 ಮುಗಿದಾಗ ಸ್ಟೂಲ್ ಹತ್ತಿರ ಫಚ್ ಸಾಕು ಅಂದ. ಫ್ರೇಜರ್ ಬೇಡ ಅಂತ ಎದ್ದ, ಫಚ್ ಅವನ ಭುಜ ಹಿಡಿದು ಕೂರಿಸಿದ. ಇನ್ನು ಮೂರೇ ನಿಮಿಷ ಬಾಕಿ ಇತ್ತು! ಎದುರಿನ ಮೂಲೆಯಲ್ಲಿ ಅಲಿಯೂ ನಿಲ್ಲುವ ಸ್ಥಿತಿಯಲ್ಲಿ ಇರಲಿಲ್ಲ, ಗೆದ್ದೆ ಅಂತ ಗೊತ್ತಾದ ಮೇಲೆ ಅವನೂ ಕುಸಿದ. ಕೋಚ್ ಆದವನಿಗೆ ಇದಕ್ಕಿಂತ ಕಷ್ಟದ ನಿಮಿಷ ಇಲ್ಲ, ನಿಲ್ಲಿಸಿದರೂ ಬೈಗುಳ, ನಿಲ್ಲಿಸದಿದ್ದರೆ ಏನಾಗುತ್ತಿತ್ತೋ. ನನ್ನನ್ನು ಕೇಳಿದರೆ ಇಡೀ ಮೂರು ಪಂದ್ಯದಲ್ಲಿ ಅತ್ಯಂತ ದೊಡ್ಡ ನಿರ್ಧಾರ ತೆಗೆದುಕೊಂಡವನು ಕೈಗೆ ಗ್ಲೌಸ್ ಹಾಕದ ಮನುಷ್ಯ.

ಈ ಜೋಡಿಗೆ ತೆತ್ತ ಬೆಲೆ ಬೇರೆ ಯಾವ ಜೋಡಿಗೂ ಇಲ್ಲ. ಸೈನ್ಯಕ್ಕೆ ಸೇರುವುದಿಲ್ಲ ಅಂದಿದ್ದಕ್ಕೆ ಅಲಿಯನ್ನು 1967ರಿಂದ ಮೂರು ವರ್ಷಕ್ಕೂ ಜಾಸ್ತಿ ರಿಂಗಿನಿಂದ ಹೊರಗಿಟ್ಟಿದ್ದರಲ್ಲ, ಆಗ ಕೈ ಹಿಡಿದವರಲ್ಲಿ ಫ್ರೇಜರ್ ಒಬ್ಬ. ಅವನನ್ನೇ ಅಲಿ ಆಮೇಲೆ ಮೈಕ್ ಮುಂದೆ ಗೊರಿಲ್ಲ ಅಂದ, ಟಿಕೆಟ್ ಮಾರಲು ಅಂದ ಅಂತ ಇಟ್ಟುಕೊಳ್ಳಿ, ಆದರೂ ಅಂದ. ಫ್ರೇಜರ್ ಅದನ್ನು ದಶಕಗಟ್ಟಲೆ ಮರೆಯಲಿಲ್ಲ. 2011ರಲ್ಲಿ ಫ್ರೇಜರ್ ತೀರಿಕೊಂಡಾಗ ಅಲಿ ನಡುಗುವ ಮೈಯಲ್ಲೇ ಅಂತ್ಯಕ್ರಿಯೆಗೆ ಹೋದ.

ಫಚ್ ಕಥೆ ಅಲ್ಲಿಗೆ ಮುಗಿಯಲಿಲ್ಲ. 1973ರಲ್ಲಿ ಅಲಿಯ ದವಡೆ ಮುರಿದ ಕೆನ್ ನಾರ್ಟನ್‌ನನ್ನು ತಯಾರು ಮಾಡಿದ್ದೂ ಅವನೇ. 1992ರಲ್ಲಿ, 80 ದಾಟಿದ ಮೇಲೆ, ರಿಡಿಕ್ ಬೋನ ಮೂಲೆಯಲ್ಲಿ ನಿಂತು ಹೋಲಿಫೀಲ್ಡ್‌ನನ್ನು ಸೋಲಿಸಿದ. ಆ ಪಂದ್ಯದ 10ನೇ ರೌಂಡು ಹೆವಿವೇಟ್‌ನಲ್ಲಿ ನಾನು ಕಂಡ ಅತ್ಯುತ್ತಮ ರೌಂಡುಗಳಲ್ಲಿ ಒಂದು. 1993ರ ರೀಮ್ಯಾಚ್‌ಗೆ ಹೋಲಿಫೀಲ್ಡ್ ಇಮ್ಯಾನುಯೆಲ್ ಸ್ಟೀವರ್ಡ್‌ನನ್ನು ಕರೆತಂದ. ಮೊದಲ ಸಲ ಎದುರು ನಿಂತು ಹೊಡೆದಾಡಿದವನು ಈ ಸಲ ಹೊಡೆದು ಪಕ್ಕಕ್ಕೆ ಸರಿಯಲು ಕಲಿತು ಬಂದಿದ್ದ, ಬೋ ಮಾತ್ರ ತೂಕ ಏರಿಸಿಕೊಂಡು ಬಂದಿದ್ದ. ಏಳನೇ ರೌಂಡಿನಲ್ಲಿ ಒಬ್ಬ ಪ್ಯಾರಾಶೂಟ್ ಕಟ್ಟಿಕೊಂಡು ರಿಂಗಿನ ಮೇಲೇ ಬಂದು ಬಿದ್ದು ಪಂದ್ಯ ಇಪ್ಪತ್ತು ನಿಮಿಷಕ್ಕೂ ಹೆಚ್ಚು ನಿಂತಿತು, ಸುಳ್ಳಲ್ಲ. ಹೋಲಿಫೀಲ್ಡ್ ಗೆದ್ದ. 1995ರಲ್ಲಿ ಮೂರನೆಯದು ಬೋಗೆ. ಇದು ಜನ ಮರೆತ ಜೋಡಿ, ಯಾಕೆಂದರೆ ಮರು ವರ್ಷದಿಂದ ಮೈಕ್ ಟೈಸನ್ ಬಂದ, 1997ರಲ್ಲಿ ಕಿವಿ ಕಚ್ಚಿದ, ಎಲ್ಲರಿಗೂ ಅದೊಂದೇ ನೆನಪು. ಕಿವಿ ಕಚ್ಚಿದ್ದರಲ್ಲಿ ಬಾಕ್ಸಿಂಗ್ ಏನಿದೆ?

ಇನ್ನೊಂದು ಮೂಲೆಯ ಮನೆತನವನ್ನೂ ಹೇಳಿಬಿಡುತ್ತೇನೆ. ಅಲಿಯ ಕಾರ್ನರ್‌ನಲ್ಲಿ ಇದ್ದ ಏಂಜೆಲೊ ಡಂಡೀಯೇ ಆಮೇಲೆ ಶುಗರ್ ರೇ ಲೆನಾರ್ಡ್‌ನ ಕಾರ್ನರ್‌ನಲ್ಲಿ. 1980ರ ಜೂನ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ರೊಬೆರ್ಟೊ ಡ್ಯುರಾನ್‌ನ ಬಾಯಿಮಾತಿಗೆ ಕೆರಳಿ ಲೆನಾರ್ಡ್ ಅವನದೇ ಆಟ ಆಡಿ ಸೋತ. ನವೆಂಬರ್‌ನಲ್ಲಿ ಮತ್ತೆ ಆಡಿದಾಗ ಕುಣಿದ, ಅಣಕಿಸಿದ, ಒಂದು ಕಡೆ ನಿಲ್ಲಲೇ ಇಲ್ಲ. ಎಂಟನೇ ರೌಂಡಿನಲ್ಲಿ ಡ್ಯುರಾನ್ ಬೆನ್ನು ತಿರುಗಿಸಿ ಸಾಕು ಅಂದುಬಿಟ್ಟ. ಮುಂದಿನ ವರ್ಷ ಹರ್ನ್ಸ್ ಎದುರು 12 ಮುಗಿದು 13ಕ್ಕೆ ಏಳುವ ಮೊದಲು, ಲೆನಾರ್ಡ್‌ನ ಎಡಗಣ್ಣು ಮುಚ್ಚಿರುವಾಗ, ಪಂದ್ಯ ಕೈ ತಪ್ಪುತ್ತಿದೆ ಮಗನೇ ಅನ್ನುವ ಅರ್ಥದ ಮಾತು ಡಂಡೀ ಹೇಳಿದ್ದು ಟಿವಿಯಲ್ಲಿ ಎಲ್ಲರಿಗೂ ಕೇಳಿಸಿತು. ಒಂದೇ ಮಾತು. ಎರಡೇ ರೌಂಡಿನಲ್ಲಿ ಲೆಕ್ಕ ತಿರುಗಿತು. ಎದುರಿನ ಮೂಲೆಯಲ್ಲಿ ಹರ್ನ್ಸ್‌ಗೆ ನೀರು ಕೊಡುತ್ತಿದ್ದವನು ಆಗ ಇನ್ನೂ ಯುವಕನಾಗಿದ್ದ ಅದೇ ಸ್ಟೀವರ್ಡ್.

ಈಗ ನಿಮ್ಮ ಭಾವನ ಜೋಡಿ. ಎಡ್ಡಿ ಫಚ್ ಕೈಯಲ್ಲಿ ಬಾಕ್ಸರ್ ಆಗಿ, ಆಮೇಲೆ ಅವನ ಸಹಾಯಕನಾಗಿ ಕಲಿತ ಫ್ರೆಡ್ಡಿ ರೋಚ್ 2001ರಿಂದ ಮ್ಯಾನಿ ಪ್ಯಾಕಿಯಾವ್‌ನ ಕೋಚ್. ಹುವಾನ್ ಮ್ಯಾನುಯೆಲ್ ಮಾರ್ಕೆಸ್ ಜೊತೆ ಮೊದಲ ಪಂದ್ಯ 2004ರ ಮೇ 8. ಪ್ಯಾಕಿಯಾವ್ ಎಡಗೈ ಆಟಗಾರ, ಅವನ ನೇರ ಎಡಗೈ ಹೊಡೆತ ಗುಂಡಿನ ಹಾಗೆ. ಮೊದಲ ರೌಂಡಿನಲ್ಲೇ ಮಾರ್ಕೆಸ್ ಮೂರು ಸಲ ಬಿದ್ದ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೂಗಿನಿಂದ ರಕ್ತ ಸುರಿಸುತ್ತಾ ಮೂಲೆಗೆ ಬಂದವನು ಎರಡನೇ ರೌಂಡಿನಿಂದ ಮೆಲ್ಲಗೆ ಲೆಕ್ಕ ಶುರು ಮಾಡಿದ: ಆ ಎಡಗೈ ಬರುವ ಮೊದಲು ಪ್ಯಾಕಿಯಾವ್ ಮುಂದಕ್ಕೆ ಹಾರುತ್ತಾನೆ, ಹಾರಿದ ಮೇಲೆ ನಡುವೆ ನಿಲ್ಲಲು ಆಗುವುದಿಲ್ಲ, ನಾನು ಅರ್ಧ ಹೆಜ್ಜೆ ಹಿಂದೆ ಇದ್ದರೆ ಎಡಗೈ ಮುಟ್ಟುವುದಿಲ್ಲ, ಅವನು ಮಾತ್ರ ನನ್ನ ಬಲಗೈಗೆ ಸಿಕ್ಕುತ್ತಾನೆ. ಅರ್ಧ ಹೆಜ್ಜೆ ಅಷ್ಟೇ. 12 ರೌಂಡು ಮುಗಿದಾಗ ಡ್ರಾ. ಅದರಲ್ಲೂ ಒಬ್ಬ ಜಡ್ಜ್ ಮೊದಲ ರೌಂಡಿಗೆ 10-6 (ಬಿದ್ದ ಪ್ರತಿ ಸಲಕ್ಕೂ ಸೋತವನಿಗೆ ಒಂದು ಪಾಯಿಂಟ್ ಕಮ್ಮಿ) ಕೊಡುವ ಬದಲು 10-7 ಕೊಟ್ಟಿದ್ದೆ ಅಂತ ಆಮೇಲೆ ಒಪ್ಪಿಕೊಂಡ. ಆ ಒಂದು ಪಾಯಿಂಟ್ ಸರಿಯಾಗಿದ್ದರೆ ಪ್ಯಾಕಿಯಾವ್ ಗೆದ್ದಿರುತ್ತಿದ್ದ, ಬಹುಶಃ ಮುಂದಿನ ಮೂರು ಪಂದ್ಯ ಹೀಗೆ ನಡೆಯುತ್ತಲೂ ಇರಲಿಲ್ಲ.

2008ರಲ್ಲಿ ರೋಚ್‌ನ ಉತ್ತರ: ಪ್ಯಾಕಿಯಾವ್‌ನ ಬಲಗೈಗೂ ಕೆಲಸ ಕಲಿಸಿ ತಂದ. ಹಾಗಾಗಿ ಮಾರ್ಕೆಸ್ ಬರೀ ಎಡಗೈ ಕಾಯುತ್ತಾ ಕೂರುವ ಹಾಗಿರಲಿಲ್ಲ. ಮೂರನೇ ರೌಂಡಿನಲ್ಲಿ ಮಾರ್ಕೆಸ್ ಒಮ್ಮೆ ಬಿದ್ದ, ಆ ಬಿದ್ದದ್ದೇ ಗೆಲುವು ಸೋಲಿನ ಅಂತರ. 2011ರಲ್ಲಿ ಮಾರ್ಕೆಸ್ ಬೀಳಲೇ ಇಲ್ಲ, ಅವನ ಕಾಯುವ ಆಟ ಪೂರ್ತಿ ಪಕ್ಕಾ ಆಗಿತ್ತು, ಗೆದ್ದದ್ದು ಅವನೇ ಅಂತ ಜನ ಕೂಗಾಡಿದರು, ಜಡ್ಜ್‌ಗಳು ಪ್ಯಾಕಿಯಾವ್‌ಗೆ ಕೊಟ್ಟರು. ಜಿಲ್ಲಾ ಮಟ್ಟದಲ್ಲಿ ಜಡ್ಜ್ ಕುರ್ಚಿಯಲ್ಲಿ ಕೂತು ನನಗೂ ಗೊತ್ತು: ಮುಂದೆ ನುಗ್ಗುವವನು ಕಣ್ಣಿಗೆ ಬೀಳುತ್ತಾನೆ, ಹಿಂದೆ ಸರಿದು ಒಂದೇ ಒಂದು ಸರಿಯಾಗಿ ಕೊಟ್ಟವನು ಕಣ್ಣು ತಪ್ಪುತ್ತಾನೆ. ಅದೂ ಅವನ ಬೆನ್ನು ನಿಮ್ಮ ಕಡೆಗಿದ್ದರೆ ಮುಗಿಯಿತು.

ಹಾಗಾಗಿ 2012ರ ಡಿಸೆಂಬರ್ 8ಕ್ಕೆ ಮಾರ್ಕೆಸ್ ಮತ್ತು ಅವನ ಕೋಚ್ ನಾಚೊ ಬೆರಿಸ್ಟೈನ್ ಜಡ್ಜ್‌ಗಳ ಕೈಗೆ ಬಿಡಬಾರದು ಅಂತಲೇ ಬಂದ ಹಾಗಿತ್ತು. ಮೂರನೇ ರೌಂಡಿನಲ್ಲಿ ಮಾರ್ಕೆಸ್ ಬೀಳಿಸಿದ. ಐದರಲ್ಲಿ ಪ್ಯಾಕಿಯಾವ್ ಬೀಳಿಸಿದ, ಮಾರ್ಕೆಸ್‌ನ ಮೂಗೂ ಮುರಿಯಿತು. ಆರನೇ ರೌಂಡು ಮುಗಿಯಲು ಒಂದೇ ಸೆಕೆಂಡ್ ಇರುವಾಗ ಪ್ಯಾಕಿಯಾವ್ ಹಾರಿ ಮುಂದೆ ಬಂದ, ಮಾರ್ಕೆಸ್ ಚೂರು ಒಳಗೆ ಸರಿದು ಬಲಗೈ ಬಿಟ್ಟ. ಪ್ಯಾಕಿಯಾವ್ ಮುಖ ಅಡಿಯಾಗಿ ಬಿದ್ದು ಅಲುಗಾಡಲಿಲ್ಲ. 2004ರಲ್ಲಿ ಎರಡನೇ ರೌಂಡಿನಲ್ಲಿ ಶುರುವಾದ ಲೆಕ್ಕಕ್ಕೆ ಎಂಟೂವರೆ ವರ್ಷದ ಮೇಲೆ ಉತ್ತರ ಬಂತು. ಅದೇ ಹಾರುವಿಕೆ, ಅದೇ ಬಲಗೈ.

ಆದ್ದರಿಂದ ನನ್ನ ತೀರ್ಪು ಭಾವನ ಕಡೆಗೆ. ನಾಲ್ಕು ಪಂದ್ಯದಲ್ಲಿ ನಾಲ್ಕೂ ಸಲ ಇಬ್ಬರಲ್ಲಿ ಒಬ್ಬನಾದರೂ ಹೊಸದೊಂದು ತಂದ, ಇನ್ನೊಬ್ಬ ಅದಕ್ಕೆ ಬಗ್ಗಲಿಲ್ಲ. ಅಲಿ–ಫ್ರೇಜರ್ ಎರಡನೆಯದು. ಮನಿಲಾದಲ್ಲಿ ನಡೆದದ್ದು ಹಠ, ಅಂಥ ಹಠ ಮತ್ತೆ ಬರಲಿಕ್ಕಿಲ್ಲ, ಆದರೆ ಇಬ್ಬರೂ ಹೊಸದಾಗಿ ಏನೂ ತರಲಿಲ್ಲ, ಇದ್ದದ್ದನ್ನೇ ಸುರಿದರು. ಮನುಷ್ಯರ ಕಥೆಯಾಗಿ ನೋಡಿದರೆ ಮಾವನದೇ ಮೊದಲು, ಅದರಲ್ಲಿ ನನಗೆ ತಕರಾರಿಲ್ಲ. ಮಾವ ಇದನ್ನು ಓದಿ ಸಿಟ್ಟು ಮಾಡಿಕೊಂಡರೆ ಮಾಟುಂಗದಲ್ಲಿ ಒಂದು ಫಿಲ್ಟರ್ ಕಾಫಿ ನನ್ನ ಲೆಕ್ಕದಲ್ಲಿ ಬರೆದಿಡಿ.

ನಿಮ್ಮದು ಫ್ಯೂರಿ–ವೈಲ್ಡರ್. ಕೆಳಗೆ ಹಾಕಬೇಡಿ ಅದನ್ನು, ನನ್ನ ಪಟ್ಟಿಯಲ್ಲಿ ಬೋ–ಹೋಲಿಫೀಲ್ಡ್ ಪಕ್ಕದಲ್ಲೇ ಇದೆ. 2018ರ ಡಿಸೆಂಬರ್‌ನ ಮೊದಲ ಪಂದ್ಯದಲ್ಲಿ ಫ್ಯೂರಿ ತಪ್ಪಿಸಿಕೊಳ್ಳುತ್ತಾ ಆಡಿದ, 12ರಲ್ಲಿ ಸತ್ತೇಹೋದ ಅನ್ನುವ ಹಾಗೆ ಬಿದ್ದು ಎದ್ದ, ಡ್ರಾ ಆಯಿತು. ಅಂದು ಅವನ ಮೂಲೆಯಲ್ಲಿ ಕೈಜೋಡಿಸಿದ್ದವರಲ್ಲಿ ಫ್ರೆಡ್ಡಿ ರೋಚ್ ಒಬ್ಬ, ಅಂದರೆ ಫಚ್‌ನ ಹುಡುಗ. ರೀಮ್ಯಾಚ್‌ಗೆ ಫ್ಯೂರಿ ಕೋಚ್ ಬದಲಿಸಿದ. ಬಂದವನು ಶುಗರ್‌ಹಿಲ್ ಸ್ಟೀವರ್ಡ್, ಇಮ್ಯಾನುಯೆಲ್ ಸ್ಟೀವರ್ಡ್‌ನ ಸೋದರಳಿಯ. 2020ರ ಫೆಬ್ರುವರಿಯಲ್ಲಿ ಹಿಂದೆ ಸರಿಯುತ್ತಿದ್ದ ಮನುಷ್ಯ ತೂಕ ಹೆಚ್ಚಿಸಿಕೊಂಡು ನೇರ ಮುಂದೆ ನುಗ್ಗಿದ. ವೈಲ್ಡರ್‌ನ ಬಲಗೈಗೆ ಜಾಗ ಬೇಕು, ಆ ಜಾಗವನ್ನೇ ಕೊಡಲಿಲ್ಲ. ಏಳನೇ ರೌಂಡಿನಲ್ಲಿ ವೈಲ್ಡರ್‌ನ ಮೂಲೆಯಿಂದ ಮಾರ್ಕ್ ಬ್ರೀಲ್ಯಾಂಡ್ ಟವೆಲ್ ಎಸೆದ, ಅಂದರೆ ಪಂದ್ಯ ನಿಲ್ಲಿಸಿ ಸೋಲು ಒಪ್ಪಿಕೊಂಡ. ಸರಿಯಾದ ಕೆಲಸವನ್ನೇ ಮಾಡಿದ, ಆದರೆ ಅವನ ಕೆಲಸ ಹೋಯಿತು. ಮನಿಲಾದ ಫಚ್‌ಗೆ ಹೊಗಳಿಕೆ, ಲಾಸ್ ವೆಗಾಸ್‌ನ ಬ್ರೀಲ್ಯಾಂಡ್‌ಗೆ ಮನೆ ದಾರಿ. 2021ರ ಮೂರನೇ ಪಂದ್ಯದಲ್ಲಿ ಇಬ್ಬರೂ ಬಿದ್ದು ಎದ್ದು, 11ನೇ ರೌಂಡಿನಲ್ಲಿ ಫ್ಯೂರಿ ಮುಗಿಸಿದ. ಇದು ಯಾಕೆ ಮೇಲಕ್ಕೆ ಬರಲಿಲ್ಲ ಅಂದರೆ ಉತ್ತರ ಹುಡುಕಿದ್ದು ಹೆಚ್ಚಾಗಿ ಒಬ್ಬನೇ. ವೈಲ್ಡರ್ ಬಲಗೈಯನ್ನೇ ನಂಬಿ ಬಂದ, ನಂಬಿಯೇ ಹೋದ.

ಮಗಳಿಗೆ ಹೇಳಿ, ಅವಳ ಸಿಟ್ಟು ಸರಿ. ನಮ್ಮಲ್ಲೇ ಮೇರಿ ಕೋಮ್–ನಿಖತ್ ಜರೀನ್ ಇದೆ. 2019ರ ಡಿಸೆಂಬರ್‌ನ ತಂಡದ ಆಯ್ಕೆ ಟ್ರಯಲ್‌ನಲ್ಲಿ ಮೇರಿ 9-1 ಅಂತರದಲ್ಲಿ ಗೆದ್ದು ಕೈಕುಲುಕಲಿಲ್ಲ, ಅದು ದೊಡ್ಡ ಗಲಾಟೆಯೇ ಆಯಿತು. ನಿಖತ್ ಆಮೇಲೆ 2022, 2023ರಲ್ಲಿ ವಿಶ್ವ ಚಾಂಪಿಯನ್ ಆದಳು. ಆದರೆ ನಮ್ಮ ಅಮೆಚೂರ್ ಬಾಕ್ಸಿಂಗ್‌ನಲ್ಲಿ ಯಾರಿಗೆ ಯಾರು ಅನ್ನುವುದನ್ನು ಡ್ರಾ ಚೀಟಿ ನಿರ್ಧರಿಸುತ್ತದೆ. ಬೇಕು ಅಂದಾಗ ಮತ್ತೆ ಎದುರಾಗುವ ಹಾಗಿಲ್ಲ, ಒಂದು ತೂಕಕ್ಕೆ ಒಬ್ಬರೇ. ಹಾಗಾಗಿ ಪುಣೆಯ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್‌ನಂಥ ಕಡೆ ಎಷ್ಟೇ ಒಳ್ಳೆಯವರು ತಯಾರಾದರೂ ನಮ್ಮಲ್ಲಿ ಮೂರು ಪಂದ್ಯದ ಕಥೆ ಬೆಳೆಯುವುದು ಕಷ್ಟ.

ಅವಳು ನೋಡಬೇಕಾದ್ದು ಕೇಟಿ ಟೇಲರ್–ಅಮಾಂಡಾ ಸೆರಾನೊ. 2022ರ ಏಪ್ರಿಲ್ 30ಕ್ಕೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮುಖ್ಯ ಪಂದ್ಯ ಆಡಿದ ಮೊದಲ ಹೆಣ್ಣುಮಕ್ಕಳು ಇವರು, ಅಲಿ–ಫ್ರೇಜರ್ ಆಡಿದ ಅದೇ ಜಾಗ. ಐದನೇ ರೌಂಡಿನಲ್ಲಿ ಟೇಲರ್ ಇನ್ನೇನು ಹೋದಳು ಅನ್ನುವ ಸ್ಥಿತಿ, ಆದರೂ ಹಿಂತಿರುಗಿ ಗೆದ್ದಳು. 2024ರ ನವೆಂಬರ್‌ನ ಎರಡನೆಯದರಲ್ಲಿ ತಲೆಗೆ ತಲೆ ತಾಗಿ ಸೆರಾನೊಳ ಹುಬ್ಬು ಬಿರಿಯಿತು, ಟೇಲರ್‌ಗೆ ಒಂದು ಪಾಯಿಂಟ್ ಕಳೆದರು, ಮೂರೂ ಕಾರ್ಡ್ 95-94. ಸೆರಾನೊ ಗೆದ್ದಳು ಅನ್ನುವವರ ಜೊತೆ ನಾನೂ ಇದ್ದೇನೆ. 2025ರ ಜುಲೈನ ಮೂರನೆಯದರಲ್ಲಿ ಟೇಲರ್ ಆಟವನ್ನೇ ಬದಲಿಸಿದಳು. ಹೊಡೆದಾಟಕ್ಕೆ ಇಳಿಯದೆ ದೂರ ನಿಂತು, ಚುಚ್ಚಿ, ಸರಿದು ಗೆದ್ದಳು. ಜನಕ್ಕೆ ಸಪ್ಪೆ ಅನ್ನಿಸಿತು. ನನಗೆ ಮೂರರಲ್ಲಿ ಅದೇ ಹೆಚ್ಚು ಇಷ್ಟ. ಒಂದು ವಿಷಯ ಗಮನಿಸಲು ಹೇಳಿ: ಅವರ ರೌಂಡು ಎರಡು ನಿಮಿಷದ್ದು, ಗಂಡಸರದ್ದು ಮೂರು. ಎದುರಾಳಿಯ ಭುಜ ಎಲ್ಲಿ ಇಳಿಯುತ್ತದೆ ಅಂತ ಕಂಡುಹಿಡಿಯಲು ಒಂದು ನಿಮಿಷ ಕಮ್ಮಿ, ಅದಕ್ಕೇ ಮೊದಲ ಮೂವತ್ತು ಸೆಕೆಂಡಿನಲ್ಲಿ ಟೇಲರ್ ಕಾಲು ಎಲ್ಲಿಡುತ್ತಾಳೆ ಅಂತ ನೋಡಲಿ. ಮೊದಲ ಪಂದ್ಯದ ಐದನೇ ರೌಂಡು, ಮೂರನೇ ಪಂದ್ಯದ ಐದನೇ ರೌಂಡು, ಎರಡನ್ನೂ ಒಂದಾದ ಮೇಲೆ ಒಂದು ಹಾಕಿಕೊಡಿ. ಉಳಿದದ್ದನ್ನು ಅವಳೇ ನಿಮಗೆ ಹೇಳುತ್ತಾಳೆ, ಬಾಕ್ಸಿಂಗ್ ಕಲಿಯುತ್ತಿರುವುದು ಅವಳು ತಾನೇ.